ದಿಂಬಿಗೆ ಬಳಿದ ಬಣ್ಣ

ಮಾರ್ಚ್ ೧೪, ಭಾನುವಾರ ಮಧ್ಯಾಹ್ನ

ಪ್ರೀತಿಯ ಪುಟ್ಟೂ,

ಮೂವತ್ತೆಂಟು ತುಂಬಿದವನನ್ನು ಇನ್ನೂ ಹೀಗೆ ಕರೆಯುತ್ತೇನೆಂದು ಮುಖ ಸಿಂಡರಿಸಬೇಡ. ನಿನ್ನ ಎರಡು ಕಾಗದಗಳಿಗೂ ಸೇರಿಸಿ ಇದೊಂದೇ ಉತ್ತರ. ಮೂರು ಸಲ ಶುರು ಮಾಡಿದ್ದೆ. ಇಂಗ್ಲಿಷಿನಲ್ಲಿ ಬರೆದದ್ದು ಕಚೇರಿಯ ಟಿಪ್ಪಣಿಯಂತಾಯಿತು, ಹರಿದು ಹಾಕಿದೆ. ನಿಮ್ಮ ಹಡಗು ಮುಂದಿನ ಬಂದರು ಮುಟ್ಟುವ ಹೊತ್ತಿಗಾದರೂ ಅಕ್ಕನ ಕಾಗದ ಅಲ್ಲಿ ಕಾದಿರಲಿ ಎಂದು ಇವತ್ತು ಹಟ ಹಿಡಿದು ಕೂತಿದ್ದೇನೆ.

ಅಮ್ಮ ಚೆನ್ನಾಗಿದ್ದಾಳೆ. ಮಂಡಿನೋವು ಇದ್ದೇ ಇದೆ, ನಾಲಿಗೆಗೆ ಮಾತ್ರ ಏನೂ ಆಗಿಲ್ಲ. ದಿನಾ ಸಂಜೆ ನಾನು ಚಪ್ಪಲಿ ಬಿಡುವ ಮೊದಲೇ, "ಇನ್ನೂ ಬೇಯಲಿಲ್ವಾ ನಿನ್ನ ಹಡಗು?" ಅನ್ನುತ್ತಾಳೆ. ಮೊನ್ನೆ ನಾನು ನೇರ ಅಡುಗೆಮನೆಗೆ ನಡೆದೆ. "ಒಂಬತ್ತು ವರ್ಷ ಒಲೆ ಮೇಲಿಟ್ಟಿದ್ರೆ ನಿಮ್ಮಪ್ಪನ ಮನಸ್ಸೂ ಮೆತ್ತಗಾಗಿರೋದು ಕಣೇ" ಎಂದು ಟೀವಿಯ ಸದ್ದು ಜಾಸ್ತಿ ಮಾಡಿದಳು.

ಸುತ್ತಿ ಬಳಸಿ ಹೇಳುವುದಿಲ್ಲ. ನಮ್ಮ ಹೊಸ ಹಡಗು, ಇಪ್ಪತ್ತೊಂದನೇ ನಂಬರು, ಈ ವರ್ಷ ಬರುವುದಿಲ್ಲ. ಮುಂದಿನ ವರ್ಷವೂ ಅನುಮಾನ. ಅಂದರೆ ನಿಮ್ಮ ಮುದುಕಿ ಇನ್ನೂ ಎರಡು ವರ್ಷ ಸಮುದ್ರದಲ್ಲಿರಬೇಕು, ಅವಳ ಹೊಟ್ಟೆಯಲ್ಲಿ ನೀನು. ಮೂವತ್ತೊಂದು ವರ್ಷದ ಹಡಗನ್ನು ಇನ್ನೂ ಓಡಿಸುತ್ತಾರೆಂದರೆ ಯಾರಿಗೆ ಹೇಳುವುದು? ಹೊಸದು ಕೈಗೆ ಬರುವವರೆಗೆ ಹಳೆಯದನ್ನು ನಿಲ್ಲಿಸುವಂತಿಲ್ಲ ಎಂದು ಆದೇಶವೇ ಇದೆಯಂತೆ.

ನಮ್ಮ ಕಾರ್ಖಾನೆಯಲ್ಲಿ ಹಡಗಿಗೆ ಹೆಸರಿಡುವುದು ನೌಕಾಪಡೆಗೆ ಒಪ್ಪಿಸುವ ದಿನ. ಅಲ್ಲಿಯವರೆಗೆ ಬರೀ ನಂಬರು. ಇದೊಂದು ನಂಬರಾಗಿಯೇ ಮುದಿಯಾಗುತ್ತಿದೆ. ಮೊದಲನೇ ಸಮಿತಿಗೆ ಹೆಲಿಕಾಪ್ಟರ್ ಇಳಿಯಲು ಜಾಗ ಬೇಕಿತ್ತು, ನಕ್ಷೆ ಬದಲಾಯಿಸಿದೆವು. ಎರಡನೇ ಸಮಿತಿ, ಸಂಶೋಧನೆಯ ಹಡಗಿಗೆ ಹೆಲಿಕಾಪ್ಟರ್ ಯಾಕೆ ಎಂದು ಅದನ್ನು ತೆಗೆಸಿತು. ಮೂರನೆಯದು ಗಣ್ಯರಿಗೊಂದು ಕೋಣೆ ಸೇರಿಸಿತು. ಆ ಕೋಣೆಯ ಸೋಫಾ ಇಂಜಿನ್‌ಗಿಂತ ಎರಡು ವರ್ಷ ಮೊದಲೇ ಬಂದು ಕೂತಿದೆ. ಪ್ಲಾಸ್ಟಿಕ್ ಕವರು ಇನ್ನೂ ತೆಗೆದಿಲ್ಲ.

ಅದೆಲ್ಲ ನುಂಗಿಕೊಂಡಿದ್ದೆ. ಈಗಿನದು ಗಂಟಲಲ್ಲೇ ಕೂತಿದೆ. ಈ ಹಡಗು ಇರುವುದೇ ಸಮುದ್ರಕ್ಕೆ ಕಿವಿ ಕೊಡುವುದಕ್ಕೆ ಎಂದು ನಿನಗೆ ನಾನು ಹೇಳಬೇಕಿಲ್ಲ, ಹೆಡ್‌ಫೋನ್ ಹಾಕಿಕೊಂಡು ಕೂರುವವನು ನೀನು. ಇಂಜಿನ್ನಿನ ಸದ್ದು ನೀರಿಗೆ ಇಳಿಯಬಾರದೆಂದು ಅದನ್ನು ನಲವತ್ತೆಂಟು ರಬ್ಬರ್ ದಿಮ್ಮಿಗಳ ಮೇಲೆ ಕೂರಿಸಿದ್ದೇವೆ. ಅವುಗಳ ಲೆಕ್ಕಾಚಾರ ಪೂರ್ತಿ ನನ್ನದು. ಯಾರೂ ಅವುಗಳ ಮೇಲೆ ಕಾಲಿಡುವಂತಿಲ್ಲ, ಎಣ್ಣೆ ತೊಟ್ಟಿಕ್ಕಿಸುವಂತಿಲ್ಲ ಎಂದು ನಾನು ಕೂಗಾಡಿ ಕೂಗಾಡಿ ಕೆಲಸದವರು ಅವಕ್ಕೆ 'ಮೇಡಂ ದಿಂಬು' ಎಂದೇ ಹೆಸರಿಟ್ಟಿದ್ದಾರೆ.

ಡಿಸೆಂಬರಿನಲ್ಲಿ ಮಂತ್ರಿಗಳು ನೋಡಲು ಬರುವವರಿದ್ದರು. ಹಡಗು ಮುಗಿದಂತೆ ಕಾಣಬೇಕು ಎಂದು ಮೇಲಿನಿಂದ ಹೇಳಿಕೆ. ಒಂದು ವಾರ ಎಲ್ಲಿ ನೋಡಿದರೂ ಬೂದು ಬಣ್ಣದ ಡಬ್ಬಗಳೇ. ಆ ಗಡಿಬಿಡಿಯಲ್ಲಿ ಯಾರೋ ಹೇಳಿದರೆಂದು ಪೇಂಟರುಗಳು ದಿಂಬುಗಳಿಗೂ ಬಣ್ಣ ಬಳಿದುಬಿಟ್ಟರು. ರಬ್ಬರಿಗೆ ಆ ಬಣ್ಣ ತಾಕಬಾರದು, ಅದರಲ್ಲಿನ ದ್ರಾವಕ ರಬ್ಬರನ್ನು ಗಟ್ಟಿಯಾಗಿಸುತ್ತದೆ, ಆಮೇಲೆ ಅದು ಸದ್ದು ತಡೆಯುವುದಿಲ್ಲ. ಮಂತ್ರಿಗಳು ಬಂದರು, ಸೋಫಾ ನೋಡಿದರು, ಇಂಜಿನ್ ಕೋಣೆಗೆ ಇಳಿಯಲೇ ಇಲ್ಲ. ಮೆಟ್ಟಿಲು ಕಡಿದಾಗಿತ್ತಂತೆ.

ಫೆಬ್ರವರಿಯಲ್ಲಿ ಸದ್ದಿನ ಪರೀಕ್ಷೆ ಮಾಡಿದೆವು. ನೀರಿನೊಳಗೆ ಮೈಕು ಇಳಿಬಿಟ್ಟರೆ ಸಮುದ್ರವೇ ಇಲ್ಲ ಕಣೋ, ಬರೀ ನಮ್ಮ ಇಂಜಿನ್ನು. ಮನೆಗೆ ಬಂದವರನ್ನು ಮಾತಾಡಲು ಬಿಡದೆ ತಾನೇ ಹರಟುವ ಯಜಮಾನನ ಹಾಗೆ.

ಕಳೆದ ಸೋಮವಾರ ಸಭೆ. ನಿರ್ದೇಶಕರು ಒಪ್ಪಿಗೆ ಪತ್ರವನ್ನು ನನ್ನ ಕಡೆ ಸರಿಸಿ, "ಶೇಕಡಾ ಎಂಬತ್ತು ಸರಿ ಇದೆಯಲ್ಲ ಮೇಡಂ. ನಮ್ಮ ಕಾಲದಲ್ಲಿ ಎಂಬತ್ತು ಬಂದ್ರೆ ಡಿಸ್ಟಿಂಕ್ಷನ್" ಅಂದರು.

"ಸರ್, ಉಳಿದ ಇಪ್ಪತ್ತರಲ್ಲೇ ಹಡಗಿನ ಕೆಲಸ ಇರೋದು" ಅಂದೆ.

"ಸಮುದ್ರಕ್ಕೆ ಇಳೀಲಿ ಮೊದಲು. ಆಮೇಲೆ ರಿಪೇರಿ ಮಾಡಿದ್ರಾಯ್ತು."

"ದಿಂಬು ಬದಲಾಯಿಸೋಕೆ ಡೆಕ್ ಕತ್ತರಿಸಿ ಇಂಜಿನ್ ಎತ್ತಬೇಕು ಸರ್. ಆಮೇಲೆ ಅಂದ್ರೆ ಯಾವಾಗ?"

"ನಿಮ್ಮ ತಮ್ಮನೇ ಆ ಹಳೇ ಡಬ್ಬದಲ್ಲಿ ಇದ್ದಾನಂತಲ್ರೀ. ಅವನ ಮುಖ ನೋಡಿಯಾದ್ರೂ ಸಹಿ ಹಾಕಿ."

ನಾನು ಸಹಿ ಹಾಕಲಿಲ್ಲ. ಹೊಸ ದಿಮ್ಮಿ ತರಿಸಿ, ಇಂಜಿನ್ ಎತ್ತಿ ಕೂರಿಸುವುದಕ್ಕೆ ಹದಿನೆಂಟು ತಿಂಗಳಾದರೂ ಬೇಕು. ಕಿವುಡು ಹಡಗನ್ನು ನಿನ್ನ ಕೈಗೆ ಕೊಟ್ಟು ಏನು ಮಾಡಲಿ? ಹಾಗೆಂದು ಸಭೆಯಿಂದ ತಲೆ ಎತ್ತಿ ಹೊರಬಂದೆ. ಮನೆಗೆ ಬಂದ ಮೇಲೆ, ಇದು ತತ್ವವೋ ಬರೀ ನನ್ನ ಜಂಬವೋ ಎಂದು ತಿಳಿಯದೆ ಸಿಂಕಿನಲ್ಲಿದ್ದ ತೊಳೆದ ಪಾತ್ರೆಗಳನ್ನೇ ಮತ್ತೆ ತೊಳೆದೆ.

ಬಣ್ಣದ ವಿಷಯಕ್ಕೆ ಒಂದು ತನಿಖೆ ನಡೆದಿದೆ. ತನಿಖೆಯೆಂದರೆ ಗೊತ್ತಲ್ಲ, ಬ್ರಷ್ ಯಾರ ಕೈಯಲ್ಲಿತ್ತು ಎಂದು ಕೇಳಿದರು. ನಮ್ಮ ಹಿರಿಯ ಪೇಂಟರನ್ನು ಅಮಾನತು ಮಾಡಿದ್ದಾರೆ. ಬ್ರಷ್ ಮಾಮ ಎನ್ನುತ್ತಿದ್ದೆವಲ್ಲ, ನೀನು ಕಾರ್ಖಾನೆ ನೋಡಲು ಬಂದಾಗ ನಿನ್ನ ಬಿಳಿ ಅಂಗಿಗೆ ಬೂದು ಚುಕ್ಕೆ ಇಟ್ಟು "ಈಗ ನೀವೂ ನೌಕಾಪಡೆ" ಅಂದಿದ್ದರಲ್ಲ, ಅವರೇ. ನಿವೃತ್ತಿಗೆ ಎರಡು ವರ್ಷವಿತ್ತು. ಯಾರು ಹೇಳಿದ್ದು ಎಂದು ಕೇಳಿದರೆ "ನೆನಪಿಲ್ಲ ಸಾರ್" ಎಂದಷ್ಟೇ ಹೇಳಿದರಂತೆ.

ಸೋರುವ ಆ ಕ್ಯಾಬಿನ್ನಿನಲ್ಲಿ ಬಕೆಟ್ಟು ಮಂಚದ ಎಡಕ್ಕಿಟ್ಟರೆ ಒಳ್ಳೆಯದು, ರಾತ್ರಿ ಎದ್ದರೆ ಎಡವುವುದಿಲ್ಲ. ಅಮ್ಮ ಉಣ್ಣೆಯ ಮಫ್ಲರ್ ಹೆಣೆಯುತ್ತಿದ್ದಾಳೆ, ಅದೂ ನಮ್ಮ ಹಡಗಿನಂತೆ ಎರಡು ಸಲ ಬಿಚ್ಚಿ ಮತ್ತೆ ಶುರುವಾಗಿದೆ. ಹೊತ್ತಿಗೆ ಸರಿಯಾಗಿ ಉಣ್ಣು. ಸಮುದ್ರ ನಿನ್ನ ಮೇಲೆ ಮುನಿಯದಿರಲಿ. ಮುದುಕಿ ನಿನ್ನನ್ನು ಜೋಪಾನವಾಗಿ ದಡ ಮುಟ್ಟಿಸಲಿ. ನೂರು ವರ್ಷ ಬಾಳು.

ನಿನ್ನ
ಅಕ್ಕ

ತಾ.ಕ.: ಲಕೋಟೆ ಅಂಟಿಸಿ ಮತ್ತೆ ಬಿಚ್ಚಿದ್ದೇನೆ. ಮೇಲೆ 'ಯಾರೋ ಹೇಳಿದರೆಂದು' ಎಂದು ಬರೆದಿದ್ದೇನಲ್ಲ, ಹೇಳಿದವಳು ನಾನು.

ಡಿಸೆಂಬರಿನಲ್ಲಿ ನೀನು ಬಂದರಿನಿಂದ ಫೋನ್ ಮಾಡಿದ್ದೆ ನೋಡು, ಸೋರುವ ಕ್ಯಾಬಿನ್ನಿನ ಕಥೆ ಹೇಳಿ ನಗಿಸಿದ ದಿನ. ನಾನು ಇಂಜಿನ್ ಕೋಣೆಯ ಬಾಗಿಲಲ್ಲಿ ನಿಂತು "ಇನ್ನು ಮೂರೇ ತಿಂಗಳು ಕಣೋ" ಎನ್ನುತ್ತಿದ್ದೆ. ಬ್ರಷ್ ಮಾಮ ಬಂದು "ಮೇಡಂ, ದಿಂಬಿಗೂ ಹೊಡೀಲಾ?" ಅಂದರು. ಒಂದು ಕಿವಿ ಮುಚ್ಚಿಕೊಂಡು, "ಹೂಂ, ಎಲ್ಲದಕ್ಕೂ, ಬೇಗ ಮುಗಿಸಿ" ಎಂದು ಕೈಯಾಡಿಸಿದೆ. ನಿನ್ನ ಫೋನಿನ ಮೇಲೆ ತಪ್ಪು ಹೊರಿಸುತ್ತಿಲ್ಲ. ಸಭೆಯಲ್ಲಿ ಅಷ್ಟು ಮಾತಾಡಿದವಳು ಇದೊಂದನ್ನು ಆಡಲಿಲ್ಲ.

ನಿನ್ನೆ ಅವರ ಮನೆಗೆ ಹೋಗಿದ್ದೆ. ಸುಮ್ಮನೆ ಕೂರಲಾಗದೆ ತಮ್ಮ ಕಿಟಕಿಯ ಸರಳುಗಳಿಗೆ ಬಣ್ಣ ಬಳಿಯುತ್ತಿದ್ದರು. ನನ್ನ ಹೆಸರು ಯಾಕೆ ಹೇಳಲಿಲ್ಲ ಎಂದು ಕೇಳಿದೆ. ಬ್ರಷ್ ಕೆಳಗಿಡದೆ ಹೇಳಿದರು: "ಹೇಳಿದ್ರೆ ಯಾರು ನಂಬ್ತಾರೆ ಮೇಡಂ? ದಿಂಬು ಮುಟ್ಟಿದ್ರೆ ಕೈ ಮುರೀತೀನಿ ಅಂತ ಇಷ್ಟು ದಿನ ಬೈದವರು ನೀವು. ನನಗೇ ನಂಬಿಕೆ ಬರಲಿಲ್ಲ, ಅದಕ್ಕೇ ಎರಡು ಸಲ ಕೇಳಿದೆ."

ತನಿಖಾ ಸಮಿತಿಗೂ ಬರೆದಿದ್ದೇನೆ, ಬರೀ ಮೂರು ಸಾಲು. ನಾಳೆ ಬೆಳಿಗ್ಗೆ ಎರಡು ಲಕೋಟೆಗಳನ್ನೂ ಒಟ್ಟಿಗೇ ಅಂಚೆ ಡಬ್ಬಕ್ಕೆ ಹಾಕುತ್ತೇನೆ. ಅಮ್ಮನಿಗೆ ನಾನೇ ಹೇಳುತ್ತೇನೆ, ನೀನು ಬರೆಯಬೇಡ.

ಅವರು ಎರಡು ಸಲ ಕೇಳಿದರಂತೆ ಪುಟ್ಟೂ. ನನಗೆ ಒಂದೇ ಸಲ ಕೇಳಿಸಿದ್ದು.