ರೀಡಿಂಗ್ ಬರೆದವಳು

ಬೆಳಗಾವಿ
೧೮ ಜೂನ್ ೧೯೭೮

ಪ್ರೀತಿಯ ಶಿವಬಸಕ್ಕನಿಗೆ,

ನಿನ್ನ ತಂಗಿ ಕಾಂತಾಳ ಶರಣು. ನಿನ್ನ ಎರಡು ಕಾಗದ ಬಂದರೂ ಉತ್ತರ ಬರೆಯಲಿಲ್ಲ, ತಪ್ಪಾಯಿತು. ಪೋಸ್ಟಿನವನ ಮೇಲೆ ಹಾಕೋಣವೆಂದರೆ ಖಾನಾಪುರ ಬಹಳ ಹತ್ತಿರ; ಇಲ್ಲಿ ಹೇಳಿದ ಸುಳ್ಳು ಅಲ್ಲಿಗೆ ಬಸ್ಸಿಗಿಂತ ಮೊದಲು ಮುಟ್ಟಿ ಬಯಲಾಗುತ್ತದೆ.

ಗಣಿತದಲ್ಲಿ ತೊಂಬತ್ತರ ಮೇಲೆ ತೆಗೆದವಳು ಪಿ.ಯು.ಸಿ. ಫೇಲಾದದ್ದು ಹೇಗೆಂದು ಕೇಳಿದ್ದಿ. ಭೌತಶಾಸ್ತ್ರದ ಪ್ರಯೋಗ ಪರೀಕ್ಷೆಯಲ್ಲಿ, ಅಕ್ಕಾ. ಪ್ರಯೋಗಶಾಲೆ ಎಂಬ ಹೆಸರು ಸರಿಯಾಗಿಯೇ ಇದೆ. ಎರಡು ವರ್ಷ ಅಲ್ಲಿ ಪ್ರಯೋಗ ನಡೆದದ್ದು ನನ್ನ ಮೇಲೆ.

ನಮ್ಮ ವರ್ಗದಲ್ಲಿ ಹುಡುಗಿಯರು ಮೂವರೇ. ಊಟದ ಪಂಕ್ತಿಯಲ್ಲಿ ಉಪ್ಪು ಬಡಿಸಿದಂತೆ ಒಂದೊಂದು ಮೇಜಿಗೆ ಒಬ್ಬೊಬ್ಬರನ್ನು ಹಾಕಿದರು. ಮೊದಲ ದಿನವೇ ನನ್ನ ಮೇಜಿನ ಪದ್ಮಾಕರನೆಂಬ ಹುಡುಗ ಬಹಳ ಮರ್ಯಾದೆಯಿಂದ, "ನಿಮ್ಮ ಅಕ್ಷರ ಭಾಳ ಚಂದ ಅದಾವ್ರಿ. ನಾವು ರೀಡಿಂಗ್ ಹೇಳತೇವಿ, ನೀವು ಬರಕೊಳ್ರಿ" ಎಂದ. ನಾನು ಹಿಗ್ಗಿದೆ. ಉಳಿದಿಬ್ಬರು ಹುಡುಗಿಯರಿಗೂ ಅದೇ ನೌಕರಿ ಸಿಕ್ಕಿತು. ಅಂದಿನಿಂದ ಅಂಕಿ ನನ್ನ ಕೈಯಲ್ಲಿ, ಉಪಕರಣ ಅವರ ಅಂಕೆಯಲ್ಲಿ. ಲೆಕ್ಕ ಬಿಡಿಸುವ ಹೊತ್ತಿಗೆ ಮಾತ್ರ ಹುಡುಗರೆಲ್ಲ ನನ್ನ ಮುಖ ನೋಡುತ್ತಿದ್ದರು. ಅದೇ ನನಗೆ ಸಾಕಾಗಿತ್ತು.

ಪರೀಕ್ಷೆಯ ದಿನ ಮೇಜಿಗೆ ಒಬ್ಬಳೇ. ಉದ್ದನೆಯ ತಂತಿಯ ಮೇಲೆ ಒಂದು ಮೊನೆಯನ್ನು ಅಲ್ಲಲ್ಲಿ ಒತ್ತುತ್ತ ಹೋಗಬೇಕು. ಬಾಜೂದ ಪೆಟ್ಟಿಗೆಯಲ್ಲಿ ಹೊಯ್ದಾಡುವ ಮುಳ್ಳು ಎಲ್ಲಿ ಸೊನ್ನೆಗೆ ಬಂದು ನಿಲ್ಲುತ್ತದೋ ಆ ಅಳತೆ ಬರೆದುಕೊಳ್ಳಬೇಕು. ಎಲ್ಲಿ ಒತ್ತಿದರೂ ನನ್ನ ಮುಳ್ಳು ಸೊನ್ನೆ ಬಿಟ್ಟು ಕದಲಲಿಲ್ಲ. ಬೇರೆಯವರಾದರೆ ಅಳುತ್ತಿದ್ದರು, ನನಗೆ ಸೂತ್ರ ಗೊತ್ತಿತ್ತಲ್ಲ! ಉತ್ತರ ಎಷ್ಟು ಬರಬೇಕೆಂದು ಊಹಿಸಿ, ಅಲ್ಲಿಂದ ಹಿಂದಕ್ಕೆ ಲೆಕ್ಕ ಹಾಕಿ, ರೀಡಿಂಗುಗಳನ್ನೆಲ್ಲ ಹೆತ್ತುಬಿಟ್ಟೆ.

ಪರವೂರಿನಿಂದ ಬಂದಿದ್ದ ಪರೀಕ್ಷಕರು ನೋಡಿ, "ಏನವಾ, ಇಷ್ಟ ನೀಟ ನನ್ನ ಜನ್ಮದಾಗ ನನಗ ಬಂದಿಲ್ಲ. ಒಂದರೆ ತೋರ್ಸು ನೋಡೂಣು" ಎಂದರು. ಒತ್ತಿ ತೋರಿಸಿದೆ. "ಮುಳ್ಳು ಮಲಗೇತಿ, ಲೆಕ್ಕ ಓಡಾಕತ್ತೇತಿ!" ಎಂದರು. ಸುತ್ತಲಿನವರು ನಕ್ಕರು. ಮಾತು ಚೆನ್ನಾಗಿತ್ತು ಅಕ್ಕಾ, ಬೇರೆಯವರಿಗೆ ಆಡಿದ್ದರೆ ನಾನೂ ನಗುತ್ತಿದ್ದೆ. ಆಮೇಲೆ, "ಇವು ಬಾಯಿಪಾಠದ ಹುಡುಗ್ಯಾರು. ಕೈಗೆ ಕೊಟ್ರ ಮುಗೀತು" ಎಂದರಲ್ಲ, ಅದಕ್ಕೆ ನಗು ಬರಲಿಲ್ಲ.

ಇಲ್ಲಿ ಅಕ್ಕವ್ವ ಅತ್ತೆ ನನಗೆ ಊಟದ ಜೊತೆಗೆ ಸಮಾಧಾನವನ್ನೂ ಬಡಿಸುತ್ತಿದ್ದಾಳೆ. "ಹೋಗ್ಲಿ ಬಿಡ, ಗಣಿತ ಕಲತ್ರ ರೊಟ್ಟಿ ದುಂಡಗ ಆಗ್ತಾವೇನ?" ಎನ್ನುತ್ತಾಳೆ. ಅವಳ ರೊಟ್ಟಿಯಂತೂ ನಮ್ಮ ಜಿಲ್ಲೆಯಂತೆಯೇ, ಗಡಿ ಎಲ್ಲಿ ಮುಗಿಯುತ್ತದೆಂದು ಯಾರೂ ಹೇಳಲಾರರು.

ಅಪ್ಪ ಹೋದ ವಾರ ಬಂದಿದ್ದರು. ಬಯ್ದಿದ್ದರೆ ಜಗಳ ತೆಗೆಯುತ್ತಿದ್ದೆ. ಬಯ್ಯಲಿಲ್ಲ. "ನಿನ್ನ ಕೈಲೆ ಆಗದ್ದು ನಾ ಯಾಕ ಹೇರ್ಲಿ, ನನ್ನವ್ವಾ? ಅಕ್ಟೋಬರಿಗೆ ಮತ್ತ ಕುಂದರ್ತೀಯೋ, ಆರ್ಟ್ಸಿಗೆ ಹೋಗ್ತೀಯೋ, ನೀನ ಹೇಳು" ಎಂದು ತಲೆ ಸವರಿ ಹೋದರು.

ನಿನ್ನೆ ನಮ್ಮ ಭೌತಶಾಸ್ತ್ರದ ಗುರುಪುತ್ರಪ್ಪ ಸರ್ ಕರೆದು, "ಲ್ಯಾಬ್ ತಗಸ್ತೀನಿ, ಒಬ್ಬಾಕೀನ ಮಾಡಿ ನೋಡು. ಯಾರೂ ಇರಂಗಿಲ್ಲ" ಎಂದರು. ಹೋದೆ. ಅವರು ಬಾಗಿಲ ಹೊರಗೆ ಕೂತರು. ಅದೇ ತಂತಿ, ಅದೇ ಮುಳ್ಳು. ಕೈ ಚಾಚಬೇಕೆಂದೆ. ಕೈ ತಾನಾಗಿ ಹೋಗಿ ಪೆನ್ನು ಹಿಡಿದುಕೊಂಡಿತು. ಯಾರಾದರೂ ರೀಡಿಂಗ್ ಹೇಳುತ್ತಾರೆಂಬಂತೆ ಹಾಗೇ ನಿಂತಿದ್ದೆ. "ಆತೇನವಾ?" ಎಂದು ಅವರು ಇಣುಕಿದಾಗ "ಆತ್ರಿ ಸರ್" ಎಂದು ಹೇಳಿ ಬಂದೆ.

ಈಗ ಮನೆಯಲ್ಲಿ ಗಣಿತದ ಪುಸ್ತಕ ತೆರೆದರೂ ಹೀಗೇ ಆಗುತ್ತಿದೆ. ಬಿಡಿಸಿದ ಲೆಕ್ಕವನ್ನು ಮತ್ತೆ ಮತ್ತೆ ನೋಡುತ್ತೇನೆ, ಸರಿ ಇದೆ, ಆದರೂ ಸರಿ ಎನ್ನಲು ಯಾರಾದರೂ ಬರಬೇಕೆನಿಸುತ್ತದೆ. ಮೊದಲು ಹೀಗಿರಲಿಲ್ಲ. ನನ್ನದು ಅಂತ ಇದ್ದದ್ದು ಗಣಿತವೊಂದೇ ಆಗಿತ್ತು.

ಮುಂದಿನ ವಾರ ಅಪ್ಪ ನಿಮ್ಮ ಮನೆಗೆ ಬಂದಾಗ ನೀನೇ ಹೇಳಿಬಿಡು, ಕಾಂತಾ ಆರ್ಟ್ಸಿಗೆ ಹೋಗುತ್ತಾಳಂತೆ ಎಂದು. ನಾನು ಹೇಳಹೋದರೆ ನಡುವೆ ಚೇಷ್ಟೆ ಮಾಡುತ್ತೇನೆ, ಅವರು ನಂಬುವುದಿಲ್ಲ.

ನಿಮ್ಮ ಅತ್ತೆಯವರಿಗೆ ಶರಣು, ಕೂಸಿಗೆ ಮುತ್ತು. ಬಸವಣ್ಣ ನಿಮ್ಮೆಲ್ಲರನ್ನು ತಣ್ಣಗಿಟ್ಟಿರಲಿ.

ನಿನ್ನ
ಕಾಂತಾ

ತಾ.ಕ.: ಒಂದು ಮಾತು ಯಾರಿಗೂ ಹೇಳಿಲ್ಲ. ಅಂದು ಮುಳ್ಳು ಯಾಕೆ ಕದಲಲಿಲ್ಲವೆಂದು ನನಗೆ ಗೊತ್ತಿತ್ತು. ಒಂದು ತಂತಿಯ ತಿರುಪು ಸಡಿಲಾಗಿತ್ತು. ಪರೀಕ್ಷಕರು ಬರುವ ಎಷ್ಟೋ ಮೊದಲೇ ಕಂಡಿದ್ದೆ. ಎರಡು ಬೆರಳಿನ ಕೆಲಸ. ನಿನ್ನ ಹೊಲಿಗೆ ಯಂತ್ರದ ತಿರುಪನ್ನು ನಾನೇ ಎಷ್ಟು ಸಲ ಬಿಗಿದಿಲ್ಲ! ಆದರೂ ಮುಟ್ಟಲಿಲ್ಲ. ಹಿಂದೆ ತಿರುಗಿ ಪದ್ಮಾಕರ ಎಲ್ಲಿದ್ದಾನೆಂದು ನೋಡಿದೆ. ಅವನು ತನ್ನ ಮೇಜಿನ ಮೇಲೆ ಬಗ್ಗಿದ್ದ. ಅವನು ತಲೆ ಎತ್ತಲಿ ಎಂದು ಕಾಯುತ್ತ ನಿಂತೆ.