ಕೊನೆಯಲ್ಲಿ ಕೊರೆಯುವ ಮುಖ

ಮಾನ್ಯಾರನ್,
ಬುಧವಾರ, ಜಾವಾ ಪಂಚಾಂಗದ ಪೋನ್ ದಿನ

ಪ್ರೀತಿಯ ಅಮ್ಮನಿಗೆ,

ನಿನ್ನ ಮಗಳು ಮುರ್ವಾನಿಯ ನಮಸ್ಕಾರ. ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಅಜ್ಜ ಊಟ ಸರಿಯಾಗಿ ಮಾಡುತ್ತಾರೆ. ಹುರಿದ ಸೋಯಾ ಟೆಂಪೆಗೆ ಉಪ್ಪು ಕಡಿಮೆ ಎಂದು ದಿನವೂ ಬಯ್ಯುತ್ತಾರೆ, ಹಾಗಾಗಿ ಆರೋಗ್ಯ ಚೆನ್ನಾಗಿದೆ ಎಂದು ತಿಳಿದುಕೋ.

ಈ ಕಾಗದವನ್ನು ಸಾಪಾರ್ ಚಿಕ್ಕಪ್ಪನ ಕೈಯಲ್ಲಿ ಕಳಿಸುತ್ತಿದ್ದೇನೆ. ನಿಮ್ಮ ಗೊಂಬೆಯಾಟದ ತಂಡದ ಹಾರ್ಸೊನೊ ಅವರು ಮಾಡಿಕೊಡಲು ಹೇಳಿದ್ದ ರಾಜಕುಮಾರಿಯ ತೊಗಲುಗೊಂಬೆಯೂ ಅವನ ಹತ್ತಿರವೇ ಇದೆ. ಬಣ್ಣ ಒಣಗಿ, ನಿನ್ನೆ ಕೊಂಬಿನ ಹಿಡಿಕೆ ಕಟ್ಟಿದೆವು.

ಹಾರ್ಸೊನೊ ಅವರು ಗೊಂಬೆ ಆಡಿಸುವಾಗ ನೀನು ಅವರ ಹಿಂದೆಯೇ ಕೂತು ಹಾಡುವವಳು. ಗೊಂಬೆ ಅವರ ಕೈಗೆ ಹೋಗುವ ಮೊದಲೇ ನಿನಗೆ ಒಂದು ವಿಷಯ ಹೇಳಬೇಕು.

ಅವರು ಕೇಳಿದ್ದು ತಲೆ ತಗ್ಗಿಸಿ ಪಾದ ನೋಡುವ ರಾಜಕುಮಾರಿ. ಇವಳ ತಲೆ ಎರಡು ಬೆರಳಿನಷ್ಟು ಎತ್ತಿದೆ. ಕತ್ತರಿಸುವಾಗ ನನ್ನ ಕೈ ತಪ್ಪಿತು ಎಂದು ಎಲ್ಲರಿಗೂ ಹೇಳಿದ್ದೇನೆ. ಅದು ಸುಳ್ಳು ಅಮ್ಮ. ತೊಗಲಿನ ಮೇಲೆ ಗೆರೆ ಎಳೆದವರು ಅಜ್ಜ. ಅವರ ಕಣ್ಣಿಗೆ ಮಂಜು ಕವಿದು ವರ್ಷವಾಗುತ್ತಾ ಬಂತು. ನೀನು ಸೋಲೋ ಪಟ್ಟಣದಲ್ಲಿ ಕೊರಗಬಾರದೆಂದು ಬರೆದಿರಲಿಲ್ಲ.

ಗೆರೆ ಎಳೆದ ದಿನವೇ ನನಗೂ ಚಿಕ್ಕಪ್ಪನಿಗೂ ತಪ್ಪು ಕಾಣಿಸಿತು. ಆದರೆ ಹೇಗಿದೆ ಎಂದು ಅಜ್ಜ ಕೇಳಿದಾಗ ಇಬ್ಬರೂ ಚೆನ್ನಾಗಿದೆ ಎಂದೆವು. ಅವರಿಗೆ ತಪ್ಪಾಗಿದೆ ಎಂದು ಹೇಳಲು ನಮಗೆ ಬಾಯಿ ಬರುತ್ತದೆಯೇ? ಅದೇ ಗೆರೆಯ ಮೇಲೆ ಕತ್ತರಿಸಿದೆ. ಜಡೆ, ಸೊಂಟಪಟ್ಟಿ, ಉಡುಗೆಯ ಹೂವು ಎಂದು ಹನ್ನೆರಡು ದಿನ ಕೊರೆದೆ. ಮುಖ ಮಾತ್ರ ಎಂದಿನಂತೆ ಕೊನೆಗೆ ಉಳಿಯಿತು. ಈ ಮನೆಯಲ್ಲಿ ಮುಖಕ್ಕೆ ಉಳಿ ಇಡುವವರು ಅಜ್ಜ ಒಬ್ಬರೇ, ನಿನಗೆ ಗೊತ್ತಲ್ಲ.

ಮುಖ ಕೊರೆಯುವ ಮೊದಲಿನ ವಾಡಿಕೆಯಂತೆ ಸೋಮವಾರ, ಗುರುವಾರ ಉಪವಾಸ ಮಾಡಿ ಶುಕ್ರವಾರ ಬೆಳಿಗ್ಗೆ ಅವರು ಬಂದು ಕೂತರು. ಕೊರೆಯದ ಮುಖದ ಮೇಲೆ ಹೆಬ್ಬೆರಳು ಆಡಿಸಿದರು. ಕುತ್ತಿಗೆಯ ಹತ್ತಿರ ಬೆರಳು ನಿಂತಿತು.

"ಈ ಕುತ್ತಿಗೆ ಯಾರು ಕತ್ತರಿಸಿದ್ದು?"

"ನಾನು ಅಜ್ಜ. ಗೆರೆ ಬಿಟ್ಟು ಹೋಗ್ಬಿಟ್ಟೆ."

ಅವರು ಆ ಕುತ್ತಿಗೆಯನ್ನು ಇನ್ನೊಮ್ಮೆ ಬೆರಳಿನಿಂದ ಅಳೆದರು. ಆಮೇಲೆ ಉಳಿಯನ್ನು ನನ್ನ ಕಡೆ ತಳ್ಳಿದರು. "ಹಾಗಾದ್ರೆ ಮುಖಾನೂ ನೀನೇ ಮಾಡು. ಕೆಡಿಸಿದೋಳೇ ಸರಿಮಾಡ್ಬೇಕು."

ಚಿಕ್ಕಪ್ಪ ಸುಮ್ಮನಿರುತ್ತಾನೆಯೇ? "ಹುಡುಗಿ ಕೊರೆದು ಕಣ್ಣು ತೆರೆಸಿದ್ರೆ ಗೊಂಬೆ ಬೆಳಗಿನ ತನಕ ಹರಟೆ ಹೊಡೆಯುತ್ತೆ ಅಷ್ಟೇ" ಎಂದ.

"ಅದೊಂದ್ಸಲ ನೀನು ಕಣ್ಣು ತೆರೆಸಿದ ರಾಕ್ಷಸ ಇವತ್ತಿಗೂ ಆಕಳಿಸ್ತಾನೇ ಇದ್ದಾನೆ. ಬಾಯ್ಮುಚ್ಕೊಂಡು ಟೀ ತಗೊಂಬಾರಯ್ಯ" ಎಂದರು ಅಜ್ಜ.

ಎತ್ತಿದ ತಲೆಯನ್ನು ತಗ್ಗಿಸಲು ಆಗುವುದಿಲ್ಲ. ಕುತ್ತಿಗೆ ಕೆತ್ತಲು ಹೋದರೆ ಮುರಿಯುತ್ತದೆ. ಹಾಗಾಗಿ ಕಣ್ಣನ್ನು ಭತ್ತದ ಕಾಳಿಗಿಂತ ಸಣ್ಣಗೆ ಕೊರೆದು ಅದರ ತುದಿಯನ್ನು ಕೆಳಗೆ ಇಳಿಸಿದೆ. ತಲೆ ಮೇಲೆ, ನೋಟ ಕೆಳಗೆ. ಅಂಥ ಗೊಂಬೆಯನ್ನು ನಾನು ನೋಡಿಲ್ಲ. ಅಂಥ ಮುಖವನ್ನು ಒಮ್ಮೆ ನೋಡಿದ್ದೇನೆ. ನೀನು ಹಾಡಲು ಹೋಗುತ್ತೇನೆಂದು ಹೊರಟಾಗ ಬೀದಿಯವರು ಏನೇನೋ ಅಂದರಲ್ಲ, ಆ ದಿನ ನೀನು ತಲೆ ಎತ್ತಿಕೊಂಡೇ ಬಸ್ಸಿನವರೆಗೆ ನಡೆದೆ. ಕಣ್ಣು ಮಾತ್ರ ನನ್ನ ಪಾದದ ಮೇಲಿತ್ತು. ಬೇಜಾರು ಮಾಡಿಕೊಳ್ಳಬೇಡ ಅಮ್ಮ. ನಾನು ಆ ಮುಖವನ್ನೇ ಕೊರೆದೆ.

ನೀನು ಕೂತು ಹಾಡುವ ಜಾಗದಿಂದ ಗೊಂಬೆಯ ಬಣ್ಣ ಮಾತ್ರ ಕಾಣುತ್ತದೆ. ಅಭ್ಯಾಸದ ದಿನ ಒಮ್ಮೆ ಎದ್ದು ಪರದೆಯ ಆ ಕಡೆ ಹೋಗಿ ನೆರಳು ನೋಡು. ಕಣ್ಣು ಸರಿಯಾಗಿದೆಯೋ ಇಲ್ಲವೋ ನೆರಳಿನಲ್ಲೇ ಗೊತ್ತಾಗುವುದು. ಹಾರ್ಸೊನೊ ಅವರಿಗೆ ಒಪ್ಪಿಗೆಯಾದರೆ ನಾನು ಇಲ್ಲೇ ಉಳಿ ಹಿಡಿಯುತ್ತೇನೆ. ಗೊಂಬೆ ವಾಪಸ್ ಬಂದರೆ ನೀನು ಹೇಳಿದ ಹಾಗೆ ತಿಂಗಳ ಕೊನೆಗೆ ಸೋಲೋಗೆ ಬಂದು ಬಾಟಿಕ್ ಅಂಗಡಿಯ ಕೆಲಸಕ್ಕೆ ಸೇರುತ್ತೇನೆ. ಮಾತು ಕೊಟ್ಟಿದ್ದೇನೆ, ತಪ್ಪುವುದಿಲ್ಲ. ಗೆರೆ ಅಜ್ಜನದು ಎಂದು ಮಾತ್ರ ಯಾರಿಗೂ ಹೇಳಬೇಡ.

ಗಂಟಲು ಜೋಪಾನ. ಶುಂಠಿ ನೀರು ಕುಡಿ.

ನಿನ್ನ ಮಗಳು,
ಮುರ್ವಾನಿ

ಮತ್ತೆ ಬರೆದದ್ದು: ಲಕೋಟೆ ಅಂಟಿಸುವ ಮೊದಲು ಓದಿ ಹೇಳು ಎಂದು ಅಜ್ಜ ಕರೆದರು. ಗೆರೆಯ ವಿಷಯವಿದ್ದ ಹಾಳೆಯನ್ನು ಓದದೆ ಮಗುಚಿದೆ. ಎಲ್ಲ ಕೇಳಿ ಅವರು ಹೇಳಿದರು: "ಮೂರು ಹಾಳೆ ಮಗುಚಿದ ಸದ್ದು ಬಂತು. ಓದಿದ್ದು ಎರಡೇ. ಕಣ್ಣು ಹೋಗಿದ್ರೂ ಕಿವಿ ಇದೆ ಕಣೇ. ಗೆರೆ ನಂದು ಅಂತ ನನ್ನ ಬೆರಳಿಗೆ ಆವತ್ತೇ ಗೊತ್ತಾಯ್ತು. ಹಾರ್ಸೊನೊಗೆ ನಿಮ್ಮಮ್ಮ ಎರಡೂ ಹೇಳ್ಲಿ, ಗೆರೆ ಮುದುಕಂದು, ಮುಖ ಮೊಮ್ಮಗಳದು ಅಂತ." ಆಮೇಲೆ ಹೊಸ ತೊಗಲನ್ನು ನನ್ನ ಮುಂದೆ ಹಾಸಿ, ಬರುವ ಸೋಮವಾರ ನೀನೂ ಉಪವಾಸ ಕೂರಬೇಕು, ಗೆರೆಯನ್ನೂ ನೀನೇ ಎಳೆಯಬೇಕು ಎಂದರು. ಆದ್ದರಿಂದ ಮೇಲೆ ಕೊಟ್ಟ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳುತ್ತಿದ್ದೇನೆ ಅಮ್ಮ. ಗೊಂಬೆ ವಾಪಸ್ ಬಂದರೂ ನಾನು ಬರುವುದಿಲ್ಲ.