ಹೆಬ್ಬೆರಳಿಗೆ ತಾಕಿದ ಉಸಿರು

ನದೀಮ,

ನೀನು ತೀರಿಹೋದಾಗಿನಿಂದ ನಿಂತೇ ಇದ್ದ ನಿನ್ನ ಜೀಪಿಗೆ ಇವತ್ತು ಹೊಸ ಕ್ಯಾಮ್‌ಶಾಫ್ಟ್ ಕೂಡಿಸಿದೆ. ಎಂಜಿನ್ ಕೆಮ್ಮಿತು, ಚಾಲೂ ಆಗಲಿಲ್ಲ. ಪುಲ್ಲಿಯ ಮೇಲಿನ ಗುರುತೊಂದನ್ನೇ ನಂಬಿ ಕಿಡಿ ಹಾರುವ ಟೈಮಿಂಗ್ ಇಟ್ಟಿದ್ದೆ. ಗಾಳಿ ಒತ್ತುವ ಸುತ್ತಿಗೂ ಹೊಗೆ ಬಿಡುವ ಸುತ್ತಿಗೂ ಆ ಗುರುತು ಒಂದೇ; ವ್ಯತ್ಯಾಸ ಬೆರಳಿಗಷ್ಟೇ ಗೊತ್ತಾಗುವುದು. ಮೊದಲೆಲ್ಲ ನಾನು ಹ್ಯಾಂಡಲ್ ತಿರುಗಿಸುವಾಗ ನೀನು ಸ್ಪಾರ್ಕ್ ಪ್ಲಗ್ ಬಿಚ್ಚಿದ ತೂತಿಗೆ ಹೆಬ್ಬೆರಳಿಟ್ಟು, ಒಳಗಿನ ಗಾಳಿ ಒತ್ತಿದ ಕೂಡಲೇ 'ಬಂತು' ಅನ್ನುತ್ತಿದ್ದೆ.

ಈ ಸಲ ನಿನ್ನ ನಸೀರಾ, ನಮ್ಮ ಭಾಭಿ, ಬೆರಳಿಟ್ಟರು. ಸವಣೂರಿನ ಮಧ್ಯಾಹ್ನದ ಬಿಸಿಲು ಶೆಡ್ಡಿನೊಳಗೆ ಧೂಳಾಗಿ ತೇಲುತ್ತಿತ್ತು. ನಿಧಾನವಾಗಿ ತಿರುಗಿಸಿದೆ.

"ಬಂತ್ರಿ. ಯಾರೋ ಉಸಿರು ಬಿಟ್ಟಂಗಾತು."

"ಅಷ್ಟ ಬೇಕಾಗಿತ್ತು ಭಾಭಿ. ಸಾಕು, ಕೈ ತಗೀರಿ."

ಅವರು ತೆಗೆಯಲಿಲ್ಲ.

"ಇನ್ನೊಮ್ಮೆ ತಿರುವ್ರಿ, ಅಣ್ಣಾರ."

ಜೀಪು ಸಂಜೆಗೆ ಚಾಲೂ ಆಯಿತು. ಅದಕ್ಕೂ ಮೊದಲು, ಭಾಭಿ ತಾವಾಗಿ ಬೆರಳು ತೆಗೆಯುವವರೆಗೆ, ನಾನು ತಿರುಗಿಸುತ್ತಲೇ ಇದ್ದೆ.